ಕ್ರೀಡಾಂಗಣ ಉರುಳಿದ ಮೇಲೆ: ‘ಬೆಂಗಳೂರು ಮುಸ್ಲಿಮ್ಸ್’ ಫುಟ್‌ಬಾಲ್ ತಂಡದ ಚರಿತ್ರೆ



ತಿಪಟೂರಿನಿಂದ ರೈಲು ಹತ್ತಿ ಬೆಂಗಳೂರಿಗೆ ಹೋದವರಲ್ಲಿ ಅನೇಕರು ಕಬ್ಬನ್ ಪಾರ್ಕಿನ ಸಮೀಪದ ಶ್ರೀ ಕಂಠೀರವ ಕ್ರೀಡಾಂಗಣವನ್ನು ನೋಡಿರುತ್ತೀರಿ. ಈಗ ಕಾಣುವ ಕಟ್ಟಡ 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕಾಗಿ ಸಿದ್ಧವಾದದ್ದು. ಅದಕ್ಕೂ ಮುಂಚೆ ಅಲ್ಲಿ ಹಳೆಯ ಕ್ರೀಡಾಂಗಣವಿತ್ತು. ಅದಕ್ಕೂ ಹಿಂದೆ ಅದು ಸಂಪಂಗಿ ಕೆರೆಯ ಅಂಗಳ. ಆ ದೊಡ್ಡ ಕೆರೆಯಲ್ಲಿ ಇಂದು ಉಳಿದಿರುವುದು ಕರಗ ಉತ್ಸವದ ವಿಧಿಗಳಿಗೆ ಬೇಕಾದ ಒಂದು ಸಣ್ಣ ಕೊಳ ಮಾತ್ರ. ಕೆರೆ ಹೋಗಿ ಮೈದಾನವಾಯಿತು, ಹಳೆಯದು ಹೋಗಿ ಹೊಸದು ಬಂತು.

ಕ್ರೀಡಾಂಗಣಗಳನ್ನು ಕೆಡವುವುದು ಲೋಕದಲ್ಲೆಲ್ಲ ನಡೆಯುವ ಸಂಗತಿ. 1923ರಲ್ಲಿ ತೆರೆದ ಲಂಡನ್ನಿನ ಹಳೆಯ ವೆಂಬ್ಲಿಯ ಅವಳಿ ಗೋಪುರಗಳನ್ನೇ 2003ರಲ್ಲಿ ನೆಲಕ್ಕೆ ಉರುಳಿಸಿದರು. 1948ರ ಆಗಸ್ಟ್ 12ರಂದು ಸ್ವತಂತ್ರ ಭಾರತದ ಹಾಕಿ ತಂಡ ಬ್ರಿಟನ್ನನ್ನು 4–0ಯಿಂದ ಸೋಲಿಸಿ ಮೊದಲ ಒಲಿಂಪಿಕ್ ಚಿನ್ನ ಗೆದ್ದದ್ದು ಅದೇ ವೆಂಬ್ಲಿಯಲ್ಲಿ. ಆದರೆ ಗೋಪುರ ಹೋದರೂ ಅಲ್ಲಿ ಯಾರು ಆಡಿದರು, ಯಾರು ಗೆದ್ದರು ಎಂಬುದನ್ನು ಇಂಗ್ಲಿಷರು ಮರೆಯಲಿಲ್ಲ. ನಮ್ಮಲ್ಲಿ ಆದದ್ದು ಬೇರೆ. ಕಟ್ಟಡದ ಜೊತೆಗೆ ಆಡಿದವರೂ ನೆನಪಿನಿಂದ ಹೋದರು. ಅಂಥ ಒಂದು ತಂಡದ ವಿಷಯವನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇನೆ. ಅದರ ಹೆಸರು ‘ಬೆಂಗಳೂರು ಮುಸ್ಲಿಮ್ಸ್’.

ಬೆಂಗಳೂರಿನ ಫುಟ್‌ಬಾಲ್ ಬೆಳೆದದ್ದು ದಂಡು ಪ್ರದೇಶದಲ್ಲಿ. 1809ರಲ್ಲಿ ಬ್ರಿಟಿಷರು ಅಲ್ಲಿ ಸೈನ್ಯದ ನೆಲೆ ಹೂಡಿದರು. 1947ರವರೆಗೂ ಆ ಭಾಗದ ಆಡಳಿತ ಅವರದೇ ಕೈಯಲ್ಲಿತ್ತು. ಸೋಜರುಗಳು ಆಡುವುದನ್ನು ನೋಡಿ ಸುತ್ತಲಿನ ಬಡ ಬಡಾವಣೆಗಳ ಹುಡುಗರು ಆಟ ಕಲಿತರು. ಮುಸ್ಲಿಮರು, ತಮಿಳು ಮಾತನಾಡುವ ದಲಿತರು, ಕ್ರೈಸ್ತರು, ಆಂಗ್ಲೋ ಇಂಡಿಯನ್ನರು, ಎಲ್ಲರ ಮಕ್ಕಳೂ ಅದರಲ್ಲಿದ್ದರು. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆಂದರೆ ಈ ಆಟ ಅಲ್ಲಿ ಎಷ್ಟು ಆಳಕ್ಕೆ ಇಳಿದಿದೆ ನೋಡಿ.

ಆ ಕಾಲದಲ್ಲಿ ದೇಶದ ಮೂರು ದೊಡ್ಡ ಪಂದ್ಯಾವಳಿಗಳೆಂದರೆ 1888ರಲ್ಲಿ ಸಿಮ್ಲಾದಲ್ಲಿ ಆರಂಭವಾದ ಡ್ಯುರಾಂಡ್ ಕಪ್, 1891ರ ಬೊಂಬಾಯಿಯ ರೋವರ್ಸ್ ಕಪ್ ಮತ್ತು 1893ರ ಕಲ್ಕತ್ತೆಯ ಐ.ಎಫ್.ಎ. ಶೀಲ್ಡ್. 1911ರಲ್ಲಿ ಮೋಹನ್ ಬಗಾನ್ ತಂಡ ಶೀಲ್ಡ್ ಗೆದ್ದ ಕಥೆ ನಿಮಗೆ ಗೊತ್ತಿರುತ್ತದೆ. ಆದರೆ ರೋವರ್ಸ್ ಕಪ್ ಮಾತ್ರ ಬಿಳಿಯರ ರೆಜಿಮೆಂಟುಗಳ ಕೈ ಬಿಟ್ಟು ಬರಲಿಲ್ಲ. 1923ರಲ್ಲಿ ಮೋಹನ್ ಬಗಾನ್ ಫೈನಲ್‌ವರೆಗೆ ಬಂದು ಸೋತಿತು.

ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಯಾವುದೆಂದು ಕೇಳಿದರೆ ಹೆಚ್ಚಿನವರು ಕಲ್ಕತ್ತೆಯ ಕಡೆಗೆ ಬೆರಳು ತೋರಿಸುತ್ತಾರೆ. ಗೆದ್ದದ್ದು ಬೆಂಗಳೂರು ಮುಸ್ಲಿಮ್ಸ್, 1937ರಲ್ಲಿ. ಎದುರಾಳಿ ಸಾಮಾನ್ಯ ತಂಡವಾಗಿರಲಿಲ್ಲ. 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ಮೊಹಮ್ಮದನ್ ಸ್ಪೋರ್ಟಿಂಗ್! ಆ ದಿನಗಳಲ್ಲಿ ಉಪಖಂಡದ ಮುಸ್ಲಿಮರ ಮನೆಮಾತಾಗಿದ್ದ ಆ ತಂಡವನ್ನು ಬೆಂಗಳೂರಿನವರು 1–0ಯಿಂದ ಸೋಲಿಸಿದರು. ಇನ್ನೊಂದು ಸ್ವಾರಸ್ಯವೆಂದರೆ, ಮಾಸೂಮ್‌ರಂತಹ ಬೆಂಗಳೂರಿನ ಆಟಗಾರರು ಮೊಹಮ್ಮದನ್ ಸ್ಪೋರ್ಟಿಂಗ್ ಪರವಾಗಿಯೇ ಆಡಿ ಹೆಸರು ಮಾಡಿದವರು. ಕಲ್ಕತ್ತೆಯ ಕೀರ್ತಿಯಲ್ಲೂ ನಮ್ಮ ನಾಡಿನ ಪಾಲಿತ್ತು.

ಮರುವರ್ಷ, 1938ರಲ್ಲಿ, ಫೈನಲ್‌ನಲ್ಲಿ ಎದುರಿಗೆ ನಿಂತದ್ದು ಸ್ಕಾಟ್ಲೆಂಡಿನ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ರೆಜಿಮೆಂಟ್. ಬೆಂಗಳೂರು ಮುಸ್ಲಿಮ್ಸ್ 3–2ರಿಂದ ಗೆದ್ದು ಕಪ್ಪನ್ನು ಉಳಿಸಿಕೊಂಡಿತು. 1940ರಲ್ಲಿ ಮೊಹಮ್ಮದನ್ ಸ್ಪೋರ್ಟಿಂಗ್ ಹಳೆಯ ಸೋಲಿನ ಲೆಕ್ಕ ತೀರಿಸಿ 1–0ಯಿಂದ ಗೆದ್ದಿತು. ಅದೇ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಡ್ಯುರಾಂಡ್ ಕಪ್ಪನ್ನೂ ಗೆದ್ದಿತು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ಮೋಹನ್ ಬಗಾನನ್ನು ಸೋಲಿಸಿ ಮೂರನೆಯ ಬಾರಿ ರೋವರ್ಸ್ ಕಪ್ ಎತ್ತಿತು. ದೇಶ ವಿಭಜನೆಯಾಗಿ ಆಗಿನ್ನೂ ಒಂದು ವರ್ಷವಾಗಿತ್ತಷ್ಟೆ. ಆ ಹೊತ್ತಿನಲ್ಲಿ ಈ ಹೆಸರಿನ ತಂಡವೊಂದು ಬೊಂಬಾಯಿಯ ಮೈದಾನಕ್ಕಿಳಿದು ಕಪ್ ಗೆದ್ದು ಬಂದದ್ದನ್ನು ನಾನು ಸಣ್ಣ ಸಂಗತಿಯೆಂದು ತಿಳಿಯುವುದಿಲ್ಲ.

ಇಲ್ಲಿ ಒಂದು ಪ್ರಶ್ನೆಯನ್ನು ನೀವು ಕೇಳಬಹುದು, ಕೇಳಬೇಕು ಕೂಡ. ಧರ್ಮದ ಹೆಸರಿನಲ್ಲಿ ತಂಡ ಕಟ್ಟುವುದು ಸರಿಯೇ? ಆ ಕಾಲದಲ್ಲಿ ಅದು ರೂಢಿಯಾಗಿತ್ತು. ಬೊಂಬಾಯಿಯ ಹೆಸರಾಂತ ಕ್ರಿಕೆಟ್ ಪಂದ್ಯಾವಳಿಯಲ್ಲಿ ಹಿಂದೂ, ಮುಸ್ಲಿಮ್, ಪಾರ್ಸಿ, ಯುರೋಪಿಯನ್ ಎಂದೇ ತಂಡಗಳಿದ್ದವು. 1940ರಲ್ಲಿ ಗಾಂಧೀಜಿಯವರು ಅದನ್ನು ಒಪ್ಪದೆ ಮಾತನಾಡಿದರು; ಕೆಲವು ವರ್ಷಗಳಲ್ಲಿ ಅದು ನಿಂತೂ ಹೋಯಿತು. ನಿಂತದ್ದು ಒಳ್ಳೆಯದೇ. ಆದರೆ ರೋವರ್ಸ್ ಕಪ್‌ನ ಸ್ವರೂಪ ಬೇರೆ. ಅಲ್ಲಿ ಒಂದು ಧರ್ಮದ ತಂಡ ಇನ್ನೊಂದು ಧರ್ಮದ ತಂಡದ ಮೇಲೆ ಆಡುವ ಏರ್ಪಾಡು ಇರಲಿಲ್ಲ. ಕ್ಲಬ್ಬುಗಳೂ ರೆಜಿಮೆಂಟುಗಳೂ ಒಟ್ಟಿಗೆ ಸೆಣಸುತ್ತಿದ್ದವು. ಇನ್ನು ಮೈಸೂರು ಸಂಸ್ಥಾನದ ತಂಡವೆಂದರೆ ಎಲ್ಲ ಸಮುದಾಯದವರೂ ಕೂಡಿದ ತಂಡ. 1946–47ರಲ್ಲಿ ಬೆಂಗಳೂರಿನಲ್ಲಿಯೇ ನಡೆದ ಸಂತೋಷ್ ಟ್ರೋಫಿಯಲ್ಲಿ ಮೈಸೂರು ಬಂಗಾಳವನ್ನು ಸೋಲಿಸಿತು. ಮುಂದೆ 1952–53, 1967–68 ಮತ್ತು 1968–69ರಲ್ಲೂ ಗೆದ್ದಿತು. ಪ್ರತಿ ಬಾರಿಯೂ ಫೈನಲ್‌ನಲ್ಲಿ ಸೋತದ್ದು ಬಂಗಾಳವೇ.

ಈ ಪರಂಪರೆಯಿಂದ ಬಂದವರಲ್ಲಿ ಮರ್ಹೂಮ್ ಅಹ್ಮದ್ ಖಾನ್ ಅವರದು ದೊಡ್ಡ ಹೆಸರು. 1926ರಲ್ಲಿ ಜನಿಸಿದ ಅವರು ಬೆಂಗಳೂರಿನ ಕ್ಲಬ್ಬುಗಳಲ್ಲಿ ಆಡಿ ಬೆಳೆದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಅವರೊಂದಿಗೆ ಬಷೀರ್, ಧನರಾಜ್, ರಾಮನ್ ಮುಂತಾದ ನಮ್ಮ ಭಾಗದ ಆಟಗಾರರಿದ್ದರು. ಜುಲೈ 31ರಂದು ಇಲ್ಫೋರ್ಡ್‌ನಲ್ಲಿ ಫ್ರಾನ್ಸ್ ವಿರುದ್ಧ ಆಡಿದಾಗ ನಮ್ಮವರಲ್ಲಿ ಬಹುತೇಕರ ಕಾಲಲ್ಲಿ ಬೂಟು ಇರಲಿಲ್ಲ. ರಾಮನ್ ಗೋಲು ಹೊಡೆದರು. ಎರಡು ಪೆನಾಲ್ಟಿ ವ್ಯರ್ಥವಾದವು. ಕೊನೆಗಳಿಗೆಯ ಗೋಲಿನಿಂದ ಭಾರತ 2–1ರಲ್ಲಿ ಸೋತಿತು. 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯ 10–1ರಿಂದ ನಮ್ಮನ್ನು ಬಗ್ಗುಬಡಿದಾಗ ಆ ಒಂದೇ ಒಂದು ಗೋಲು ಅಹ್ಮದ್ ಖಾನ್ ಅವರದು. 1949ರಲ್ಲಿ ಅವರು ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಅವರೊಡನೆ ಸೇರಿ ‘ಪಂಚ ಪಾಂಡವರು’ ಎಂದು ಬಂಗಾಳಿಗಳಿಂದ ಕರೆಸಿಕೊಂಡರು. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡರು. ಬಂಗಾಳದವರಿಗೆ ಅವರು ಗೊತ್ತು. ನಮ್ಮ ಶಾಲೆಗಳ ಮಕ್ಕಳಿಗೆ ಗೊತ್ತಿಲ್ಲ.

ಒಳ್ಳೆಯ ಆಟಗಾರರು ಕೆಲಸ ಮತ್ತು ಸಂಬಳ ಹುಡುಕಿಕೊಂಡು ಕಲ್ಕತ್ತೆ, ಬೊಂಬಾಯಿಗಳಿಗೆ ಹೋದರು. ಕ್ರಿಕೆಟ್ ಬಂದು ಉಳಿದದ್ದನ್ನು ನುಂಗಿತು. ಮೈದಾನಗಳ ಮಾತು ಹೇಳುವುದೇ ಬೇಡ. ಶಾಲೆ ನಡೆಸುವ ಸಂಸ್ಥೆಗಳವರು, ನಾವೂ ಸೇರಿದಂತೆ, ಕೊಠಡಿಗೆ ಜಾಗ ಸಾಲದೆಂದಾಗ ಮೊದಲು ಕೈ ಹಾಕುವುದು ಮಕ್ಕಳ ಆಟದ ಬಯಲಿಗೇ. ರೋವರ್ಸ್ ಕಪ್ ಕೂಡ 2000–01ರ ನಂತರ ನಡೆಯಲಿಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ ಮೊದಲ ವರ್ಷವೇ ಐ-ಲೀಗ್ ಗೆದ್ದಾಗ ಊರು ಮತ್ತೆ ಎಚ್ಚೆತ್ತಿತು. 2023ರ ಮಾರ್ಚ್ 4ರಂದು ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ಮರಳಿ ಪಡೆಯಿತು. ಮೇಘಾಲಯವನ್ನು 3–2ರಿಂದ ಸೋಲಿಸಿದ ಆ ಫೈನಲ್ ನಡೆದದ್ದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ.

ನಿಮ್ಮಲ್ಲಿ ಕೆಲವರಿಗೆ ಶಿವಾಜಿನಗರದಲ್ಲೋ ಟ್ಯಾನರಿ ರಸ್ತೆಯಲ್ಲೋ ನೆಂಟರಿರಬಹುದು. ರಜೆಗೆ ಹೋದಾಗ ಆ ಮನೆಗಳ ಹಿರಿಯರನ್ನು ವಿಚಾರಿಸಿ. ಹಳೆಯ ಟ್ರಂಕಿನಲ್ಲಿ ತಂಡದ ಫೋಟೋ ಒಂದು ಸಿಕ್ಕರೆ, ನಿಂತವರು ಯಾರು, ಕೂತವರು ಯಾರು ಎಂದು ಕೇಳಿ ಹೆಸರುಗಳನ್ನು ಫೋಟೋದ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ವರ್ಷವನ್ನೂ ಬರೆಯಿರಿ.