ಇಂಗ್ಲಿಷ್ ನುಡಿಗಟ್ಟುಗಳು ಕನ್ನಡಕ್ಕೆ ಬಂದ ಬಗೆ

ಇಂಗ್ಲಿಷ್ ಪದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಅಚ್ಚಿನ ನಿಘಂಟು 1824ರಷ್ಟು ಹಿಂದೆಯೇ ಬಂದಿತು. ಬಳ್ಳಾರಿಯಲ್ಲಿದ್ದ ಮಿಷನರಿ ವಿಲಿಯಂ ರೀವ್ ಅದರ ಕರ್ತೃ. 1894ರ ಕಿಟ್ಟೆಲ್ ಕೋಶ ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದ್ದು. ಗಾದೆಗಳನ್ನೂ ಒಳಗೊಂಡಿದ್ದರಿಂದ ಎರಡು ಭಾಷೆಗಳ ಮಾತಿನ ವರಸೆಯನ್ನು ಹೋಲಿಸಿ ನೋಡುವವರಿಗೆ ಅದು ದೊಡ್ಡ ಆಸರೆಯಾಯಿತು. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟು ಪ್ರಕಟವಾದದ್ದು 1946ರಲ್ಲಿ.

ಪದಕ್ಕೆ ಪದ ಇಟ್ಟರೆ ನುಡಿಗಟ್ಟಿನ ಅರ್ಥ ಕೈಗೆ ಸಿಗುವುದಿಲ್ಲ. ‘ಬ್ಲ್ಯಾಕ್ ಶೀಪ್’ ಎಂಬ ಮಾತನ್ನೇ ನೋಡಬಹುದು. ಮನೆತನಕ್ಕೆ ಕೆಟ್ಟ ಹೆಸರು ತಂದವನನ್ನು ಇಂಗ್ಲಿಷರು ಹಾಗೆ ಕರೆಯುತ್ತಾರೆ. ಉಣ್ಣೆ ವ್ಯಾಪಾರವೇ ಜೀವಾಳವಾಗಿದ್ದ ಅವರ ನಾಡಿನಲ್ಲಿ ಕಪ್ಪು ಉಣ್ಣೆಗೆ ಬೇರೆ ಬಣ್ಣ ಹತ್ತುತ್ತಿರಲಿಲ್ಲ, ಆದ್ದರಿಂದ ಬೆಲೆಯೂ ಕಡಿಮೆ. ಕನ್ನಡ ನಾಡಿನ ಲೆಕ್ಕವೇ ಬೇರೆ. ತಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರು ಹೊತ್ತ ಕುರಿ ತಳಿ ಮಾಂಸಕ್ಕೆ ಹೆಸರಾದುದು. ಅದನ್ನು ಸಾಕುವವರು ಉಣ್ಣೆಯನ್ನು ನೆಚ್ಚಿಕೊಂಡವರಲ್ಲ. ಬಯಲುಸೀಮೆಯ ಕಡೆಗೆ ಹೋದರೆ ಕರಿ ಕುರಿಯ ಉಣ್ಣೆಯಿಂದಲೇ ಕರಿ ಕಂಬಳಿ ನೇಯುತ್ತಾರೆ, ಪೂಜೆಯಲ್ಲಿ ಅದನ್ನೇ ಹಾಸಿ ಗದ್ದುಗೆ ಮಾಡುತ್ತಾರೆ. ಇಂಥ ನೆಲದಲ್ಲಿ ‘ಕಪ್ಪು ಕುರಿ’ ಎಂದರೆ ಬೈಗುಳ ತಟ್ಟುವುದೇ ಇಲ್ಲ. ‘ಕುಲಗೇಡಿ’ ಎಂದಾಗ ಮಾತ್ರ ತಟ್ಟುತ್ತದೆ.

ಕೆಲವು ನುಡಿಗಟ್ಟುಗಳಿಗೆ ಜೋಡಿ ಮೊದಲೇ ಸಿದ್ಧವಿತ್ತು. ಒಂದು ಕಡೆ ದೆವ್ವ, ಇನ್ನೊಂದು ಕಡೆ ಕಡಲು ಎಂದು ಇಂಗ್ಲಿಷ್ ಹೇಳುವ ಸಂಕಟವನ್ನು ಕನ್ನಡ ‘ಅತ್ತ ದರಿ, ಇತ್ತ ಪುಲಿ’ ಎಂದು ಹೇಳುತ್ತದೆ. ಜೋಡಿಯಿಲ್ಲದ ಕೆಲವನ್ನು ಪತ್ರಿಕೆಗಳು ಇದ್ದ ಹಾಗೆಯೇ ತಂದವು. ಶೀತಲ ಸಮರ, ಬಿಳಿಯಾನೆ, ಹಸಿರು ನಿಶಾನೆ ಇವೆಲ್ಲ ಹಾಗೆ ಬಂದು ನೆಲೆನಿಂತವು. ತ.ರಾ. ಸುಬ್ಬರಾಯರು ಕಾದಂಬರಿಗೆ ಇಟ್ಟ ‘ಹಂಸಗೀತೆ’ ಎಂಬ ಹೆಸರಿನ ಹಿಂದೆ, ಸಾವಿಗೆ ಮುನ್ನ ಹಂಸ ಹಾಡುತ್ತದೆ ಎಂಬ ಗ್ರೀಕರ ನಂಬಿಕೆ ಇದೆ.

ಈ ಕೊಡುಕೊಳೆಯನ್ನು ಸಾಮಾನ್ಯ ಓದುಗರಿಗೆ ತಿಳಿಹೇಳಿದವರಲ್ಲಿ ಜಿ. ವೆಂಕಟಸುಬ್ಬಯ್ಯನವರದು ದೊಡ್ಡ ಹೆಸರು. 1913ರಲ್ಲಿ ಹುಟ್ಟಿದ ಅವರ ಪ್ರಾಥಮಿಕ ಶಿಕ್ಷಣ ನಡೆದದ್ದು ಬನ್ನೂರು ಮತ್ತು ಮಧುಗಿರಿಯ ಶಾಲೆಗಳಲ್ಲಿ. ಮುಂದೆ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಓದಿ, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾದರು. ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರು ಕೇಳಿದ ಪದಗಳ ಹುಟ್ಟು, ಅರ್ಥ, ಬಳಕೆಯನ್ನು ವರ್ಷಗಟ್ಟಲೆ ಬಿಡಿಸಿ ಹೇಳಿದರು. ಅವರ ‘ಎರವಲು ಪದಕೋಶ’ ಬೇರೆ ಭಾಷೆಗಳಿಂದ ಬಂದ ಪದಗಳಿಗೇ ಮೀಸಲು. ಇಂಗ್ಲಿಷ್-ಕನ್ನಡ ನಿಘಂಟನ್ನೂ ಅವರು ಸಿದ್ಧಪಡಿಸಿದರು. ಊರಿನ ಮಾತನ್ನು ಪಂಡಿತರ ಮಾತಿನಷ್ಟೇ ಗೌರವದಿಂದ ಕಂಡ ಈ ನಿಘಂಟುಕಾರ 2021ರ ಏಪ್ರಿಲ್‌ನಲ್ಲಿ, 107ನೆಯ ವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ತೀರಿಕೊಂಡರು.