ಜನವರಿ ಒಂದನೇ ತಾರೀಖು ಮತ್ತು ಹೆಣ್ಣುಕುದುರೆಯ ಬೆದೆ

ನಾನು ಹೊಸೂರಿನ ಕಡೆಯವಳು. ನಮ್ಮೂರ ಪಕ್ಕದ ಮತ್ತಿಗಿರಿಯ ಜಾನುವಾರು ಫಾರಂ ಇವತ್ತು ದನಗಳಿಗೆ ಹೆಸರುವಾಸಿ. ಆದರೆ 1824ರಲ್ಲಿ ಅದು ಶುರುವಾದದ್ದು ಸೈನ್ಯದ ಕುದುರೆಗಳಿಗಾಗಿ. ನೂರು ವರ್ಷವಾದ ಮೇಲೆ, 1924ರಲ್ಲಿ, ಪಶುವೈದ್ಯ ಇಲಾಖೆಯ ಕೈಗೆ ಬಂತು. ಕನ್ನಡ ಎಂ.ಎ. ಓದೋರಿಗೆ ಕುದುರೆಯ ಹಾರ್ಮೋನು ಯಾಕೆ ಅಂತ ನೀವು ಕೇಳಬಹುದು. ಕೀರ್ತಿವರ್ಮನ ‘ಗೋವೈದ್ಯ’ವನ್ನು ನಾವು ಸಾಹಿತ್ಯ ಚರಿತ್ರೆಯಲ್ಲೇ ಓದುತ್ತೇವಲ್ಲ, ಇದು ಅದೇ ದಾರಿಯ ಮುಂದಿನ ಕಥೆ.

ನನ್ನ ವಾದ ಇಷ್ಟೇ: ಹೆಣ್ಣುಕುದುರೆಗೆ ಹಾರ್ಮೋನು ಕೊಡುವ ಪದ್ಧತಿ ಬೆಳೆದದ್ದು ರೋಗ ವಾಸಿ ಮಾಡಲಿಕ್ಕೆ ಮಾತ್ರವಲ್ಲ, ಬಹುಪಾಲು ಕ್ಯಾಲೆಂಡರಿಗೆ ಹೊಂದಿಸಲಿಕ್ಕೆ.

ಹಗಲು ಉದ್ದವಾದಾಗ ಹೆಣ್ಣುಕುದುರೆ ಬೆದೆಗೆ ಬರುತ್ತದೆ. ಸುಮಾರು 21 ದಿನಕ್ಕೊಂದು ಸುತ್ತು, ಅದರಲ್ಲಿ ಐದಾರು ದಿನ ಬೆದೆ. ಗಬ್ಬ ನಿಂತರೆ ಹನ್ನೊಂದು ತಿಂಗಳು. ಅಂದರೆ ಮರಿ ಹುಟ್ಟೋದು ಹುಲ್ಲು ಚಿಗುರುವ ಕಾಲಕ್ಕೆ. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ರೇಸಿನವರು ಎಲ್ಲ ಕುದುರೆಗಳಿಗೂ ಜನವರಿ 1 ಹುಟ್ಟುಹಬ್ಬ ಅಂತ ಗೊತ್ತುಮಾಡಿದರು. ಮೇ ತಿಂಗಳ ಮರಿ ಕಾಗದದಲ್ಲಿ ಜನವರಿ ಮರಿಯ ಓರಗೆ. ಮೈಯಲ್ಲಿ ನಾಲ್ಕು ತಿಂಗಳು ಚಿಕ್ಕದು. ಹಾಗಾಗಿ ಫೆಬ್ರವರಿಯಲ್ಲೇ ಬೆದೆ ಬೇಕಾಯಿತು.

ಮೊದಲ ಉಪಾಯ ದೀಪ. ಲಾಯದಲ್ಲಿ ಕೃತಕ ಬೆಳಕಿಟ್ಟರೆ ಬೆದೆ ಬೇಗ ಬರುತ್ತದೆ ಅಂತ ಬರ್ಖಾರ್ಟ್ 1947ರಲ್ಲಿ ಪ್ರಕಟಿಸಿದರು. ದಿನಕ್ಕೆ 16 ಗಂಟೆ ಬೆಳಕು, ಸುಮಾರು ಎರಡು ತಿಂಗಳು. ಆಮೇಲೆ ಔಷಧಿಗಳು ಬಂದವು. 1970ರ ದಶಕದ ಪ್ರೊಸ್ಟಗ್ಲಾಂಡಿನ್ ಸೂಜಿ, ಅಂಡ ಬಿಟ್ಟ ಮೇಲೆ ಅಂಡಾಶಯದಲ್ಲಿ ಬೆಳೆಯುವ ಹಳದಿ ಗಂಟನ್ನು ಕರಗಿಸಿ, ಮುಂದಿನ ಬೆದೆಯನ್ನು ಬೇಗ ತರುತ್ತದೆ. ಅಂಡ ಬಿಟ್ಟು ಐದು ದಿನವಾಗದಿದ್ದರೆ ಆ ಸೂಜಿ ನಾಟೋದಿಲ್ಲ. ಆಲ್ಟ್ರೆನೊಜೆಸ್ಟ್ ಇದಕ್ಕೆ ತಿರುಗುಮುರುಗು: ದಿನಾ ಬಾಯಿಗೆ ಹಾಕುತ್ತಿದ್ದರೆ ಬೆದೆ ತಡೆದು ನಿಲ್ಲುತ್ತದೆ, ಹತ್ತು ಹದಿನೈದು ದಿನದ ನಂತರ ನಿಲ್ಲಿಸಿದರೆ ಬೆದೆ ಬರುತ್ತದೆ. ಚಳಿಗಾಲದಲ್ಲಿ ಪೂರ್ತಿ ಮಲಗಿರುವ ಅಂಡಾಶಯವನ್ನು ಇವೆರಡೂ ಎಬ್ಬಿಸಲಾರವು; ಅದಕ್ಕೆ ಬೆಳಕೇ ಬೇಕು. ಅಂದರೆ ಹಾರ್ಮೋನು ಋತುವನ್ನು ಸೃಷ್ಟಿಸೋದಿಲ್ಲ, ಇದ್ದದ್ದನ್ನು ಆಚೀಚೆ ಸರಿಸುತ್ತದೆ.

ಇಲ್ಲೊಂದು ವಿಚಿತ್ರ ಇದೆ. 1930ರಲ್ಲಿ ಕ್ಯಾಲಿಫೋರ್ನಿಯಾದ ಕೋಲ್ ಮತ್ತು ಹಾರ್ಟ್ ಗಬ್ಬದ ಕುದುರೆಯ ರಕ್ತದಲ್ಲಿ ಅಂಡಾಶಯವನ್ನು ಕೆರಳಿಸುವ ಹಾರ್ಮೋನು ಕಂಡರು. ಅದು ಕುರಿಗೆ, ಹಸುವಿಗೆ ಚೆನ್ನಾಗಿ ಕೆಲಸ ಮಾಡಿತು. ಕುದುರೆಗೇ ಅಷ್ಟಾಗಿ ಅಲ್ಲ. ಕುದುರೆಗೆ ಅಂಡ ಬಿಡಿಸಲು ಬಳಕೆಗೆ ಬಂದದ್ದು ಗರ್ಭಿಣಿ ಹೆಂಗಸರ ಮೂತ್ರದಿಂದ ತೆಗೆದ ಹಾರ್ಮೋನು!

ಈಗ ಹೊಸೂರಿಗೆ ಬರೋಣ. ನಮ್ಮಲ್ಲಿ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ. ಇಂಗ್ಲೆಂಡಿನ ನ್ಯೂಮಾರ್ಕೆಟ್ಟಿನಲ್ಲಿ ಸುಮಾರು ಒಂಬತ್ತು ಗಂಟೆ. ಭೂಮಧ್ಯರೇಖೆಗೆ ಹತ್ತಿರವಾದಷ್ಟೂ ಕುದುರೆಯ ಋತುವಿನ ಕಟ್ಟು ಸಡಿಲ. ಚಳಿಗಾಲದ ಕತ್ತಲೆ ಅವರ ಆಕಾಶದ್ದು. ಜನವರಿ ಒಂದರ ಲೆಕ್ಕ ಮಾತ್ರ ರೇಸಿನ ಜೊತೆ ನಮ್ಮ ದೇಶಕ್ಕೂ ಬಂತು.

ಈ ಲೆಕ್ಕ ಕುದುರೆಯ ಮೈಯಲ್ಲಿ ಮುಗಿಯೋದೂ ಇಲ್ಲ. ಆಲ್ಟ್ರೆನೊಜೆಸ್ಟ್ ಚರ್ಮದ ಮೂಲಕ ಇಳಿಯುತ್ತದೆ. ಕೈಗವಸಿಲ್ಲದೆ ಮುಟ್ಟಿದ ಹೆಂಗಸರ ಮುಟ್ಟು ಏರುಪೇರಾಗಬಹುದು, ಗರ್ಭಿಣಿಯರು ಮುಟ್ಟಲೇಬಾರದು. ಲಾಯದಲ್ಲಿ ದುಡಿಯುವವರ ಮೈಗೂ ಅದೇ ಕ್ಯಾಲೆಂಡರು ತಾಗುತ್ತದೆ.

ನಮ್ಮ ಶಾಸನಗಳಲ್ಲಿ ಕುದುರೆ ಪಳಗಿಸುವ ‘ಸಾಹಣಿ’ ಇದ್ದಾನೆ. ಕುದುರೆಯ ಚರಿತ್ರೆ ಬರೆಯುವಾಗ ರಾಜ, ರಾವುತ, ಯುದ್ಧ ಇಷ್ಟೇ ಸಾಲದು. ಹೆಣ್ಣುಕುದುರೆಯ ಬೆದೆಯನ್ನು ಯಾರ ಕ್ಯಾಲೆಂಡರು ಆಳಿತು, ಔಷಧಿ ಕುಡಿಸಿದ ಕೈ ಯಾರದು ಅಂತಲೂ ಕೇಳಬೇಕು.