ಬಾಗಲಕೋಟೆ ಸೀಮೆಯ ಕಂಪನಿ ನಾಟಕಗಳಲ್ಲಿ ಪ್ರೇಮ ಮತ್ತು ಕುಟುಂಬ

ಹರೆಯದ ಹುಡುಗ-ಹುಡುಗಿಯರ ಪ್ರೇಮ ಮತ್ತು ಅದಕ್ಕೆ ಮನೆಯವರು ತೋರುವ ಪ್ರತಿಕ್ರಿಯೆಯು ಬಾಗಲಕೋಟೆ ಸೀಮೆಯ ಕಂಪನಿ ನಾಟಕಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಕಥಾವಸ್ತು. ಬಾದಾಮಿ, ಹುನಗುಂದ, ಇಳಕಲ್ಲ ಮತ್ತು ಬಾಗಲಕೋಟೆ ಪರಿಸರದ ಜಾತ್ರೆಗಳಲ್ಲಿ ಆಡಲಾಗುವ ಸಾಮಾಜಿಕ ನಾಟಕಗಳು ಈ ವಸ್ತುವನ್ನು ಹೆಚ್ಚಾಗಿ ಹಾಸ್ಯದ ಮೂಲಕ ನಿರೂಪಿಸುತ್ತವೆ. ಒಂದೇ ಮನೆಯ ಅಂಗಳ, ಪ್ರೇಕ್ಷಕರಿಗೆ ಮೊದಲೇ ಪರಿಚಿತವಾದ ಪಾತ್ರಗಳು, ಗುಟ್ಟು ಮುಚ್ಚಿಡುವ ಪರದಾಟ ಮತ್ತು ಕೊನೆಯಲ್ಲಿ ರಾಜಿ – ಈ ಲಕ್ಷಣಗಳಿಂದಾಗಿ ಇವು ದೂರದರ್ಶನದ ಕೌಟುಂಬಿಕ ಹಾಸ್ಯ ಧಾರಾವಾಹಿಗಳನ್ನು ಹೋಲುತ್ತವೆ. ಮಗಳ ಮದುವೆಯನ್ನು ಯಾರು ನಿರ್ಧರಿಸಬೇಕು ಎಂಬುದು ಈ ನಾಟಕಗಳ ಮೂಲ ಪ್ರಶ್ನೆಯಾಗಿದೆ.

ಹಿನ್ನೆಲೆ

ಬಾಗಲಕೋಟೆ ಜಿಲ್ಲೆಯು 1997ರ ಆಗಸ್ಟ್ 15ರಂದು ಅಂದಿನ ಬಿಜಾಪುರ ಜಿಲ್ಲೆಯಿಂದ ಬೇರ್ಪಟ್ಟು ರಚನೆಯಾಯಿತು. ಈ ಪ್ರದೇಶದ ರಂಗಪರಂಪರೆ ಅದಕ್ಕಿಂತ ಬಹಳ ಹಳೆಯದು. ಶ್ರೀಕೃಷ್ಣ ಪಾರಿಜಾತದಂತಹ ಬಯಲಾಟಗಳು ಇಲ್ಲಿನ ಹಳ್ಳಿಗಳಲ್ಲಿ ಮನೆಮಾತಾಗಿದ್ದವು. ಪಾರಿಜಾತದ ಕಥೆ ಪುರಾಣದ್ದಾದರೂ ಅದರ ಹಾಸ್ಯ ಹುಟ್ಟುವುದು ರುಕ್ಮಿಣಿ-ಸತ್ಯಭಾಮೆಯರ ಮನೆಜಗಳದಿಂದ. ಮನೆಯೊಳಗಿನ ಮಾತನ್ನು ರಂಗದ ಮೇಲೆ ನಗೆಯಾಗಿಸುವ ರೂಢಿಗೆ ಇಂತಹ ಆಟಗಳು ಪೂರ್ವಪೀಠಿಕೆ ಹಾಕಿದ್ದವು.

ವೃತ್ತಿರಂಗಭೂಮಿಯ ಮೊದಲ ಘಟ್ಟದಲ್ಲಿ ಪೌರಾಣಿಕ ಮತ್ತು ಐತಿಹಾಸಿಕ ನಾಟಕಗಳಿಗೆ ಪ್ರಾಧಾನ್ಯವಿತ್ತು. ಕರ್ನಾಟಕದ ಶೇಕ್ಸ್‌ಪಿಯರ್ ಎಂದು ಹೆಸರಾದ, ಹುನಗುಂದ ಸೀಮೆಯ ಕಂದಗಲ್ಲ ಹನುಮಂತರಾಯರು (1896–1966) 'ರಕ್ತರಾತ್ರಿ'ಯಂತಹ ನಾಟಕಗಳಿಂದ ಈ ಧಾರೆಗೆ ಬಲ ತುಂಬಿದರು. ಬೀಳಗಿಯ ಸಹೋದರಿಯರಾದ ಅಮೀರಬಾಯಿ ಕರ್ನಾಟಕಿ ಮತ್ತು ಗೋಹರಬಾಯಿ ಕರ್ನಾಟಕಿ ಅವರು ರಂಗಭೂಮಿಯಲ್ಲಿಯೂ ಅದರಾಚೆಗೂ ಹೆಸರು ಗಳಿಸಿದರು. ಇಪ್ಪತ್ತನೆಯ ಶತಮಾನದ ನಡುಭಾಗದ ನಂತರ ಸಾಮಾಜಿಕ ನಾಟಕಗಳು ಮುನ್ನೆಲೆಗೆ ಬಂದವು. ಅರಮನೆಯ ಪರದೆಯ ಜಾಗಕ್ಕೆ ಗೌಡರ ಪಡಸಾಲೆ, ಬಡವರ ಗುಡಿಸಲು ಮತ್ತು ಊರ ಬೀದಿಯ ಪರದೆಗಳು ಬಂದವು.

ಬನಶಂಕರಿ ಜಾತ್ರೆ

ಬಾದಾಮಿಗೆ ಸಮೀಪದ ಚೊಳಚಗುಡ್ಡದಲ್ಲಿರುವ ಬನಶಂಕರಿ ದೇವಸ್ಥಾನದ ಜಾತ್ರೆ ಈ ನಾಟಕಗಳ ದೊಡ್ಡ ನೆಲೆ. ಪುಷ್ಯ ಮಾಸದ ಬನದ ಹುಣ್ಣಿಮೆಯಂದು ರಥೋತ್ಸವ ನಡೆಯುತ್ತದೆ. ರಾಜ್ಯದ ಹಲವು ನಾಟಕ ಕಂಪನಿಗಳು ಏಕಕಾಲಕ್ಕೆ ಇಲ್ಲಿ ಬೀಡುಬಿಟ್ಟು, ಜಾತ್ರೆಯ ಉದ್ದಕ್ಕೂ ಒಂದೇ ರಾತ್ರಿಯಲ್ಲಿ ಒಂದಕ್ಕಿಂತ ಹೆಚ್ಚು ಪ್ರದರ್ಶನಗಳನ್ನು ನೀಡುತ್ತವೆ. ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಮನೆತನ ಒಟ್ಟಿಗೆ ಕುಳಿತು ನಾಟಕ ನೋಡುವುದು ಇಲ್ಲಿನ ವಾಡಿಕೆ. ರಂಗದ ಮೇಲೆ ತಂದೆ-ಮಗಳು ವಾದಿಸುವಾಗ ಎದುರಿಗೆ ತಂದೆಯಂದಿರೂ ಹೆಣ್ಣುಮಕ್ಕಳೂ ಅಕ್ಕಪಕ್ಕದಲ್ಲಿ ಕುಳಿತಿರುತ್ತಾರೆ. ನಾಟಕದ ಸಂಭಾಷಣೆಯು ಈ ಇಬ್ಬರನ್ನೂ ಗಮನದಲ್ಲಿರಿಸಿಕೊಂಡು ರಚಿತವಾಗಿರುತ್ತದೆ.

ಕಂಪನಿಗಳಲ್ಲದೆ, ಊರ ಜಾತ್ರೆಯ ಸಂದರ್ಭದಲ್ಲಿ ಹಳ್ಳಿಯ ಯುವಕರೇ ನಾಟಕ ಆಡುವ ಪದ್ಧತಿಯೂ ಇದೆ. ಸ್ತ್ರೀಪಾತ್ರಗಳಿಗೆ ವೃತ್ತಿನಿರತ ಕಲಾವಿದೆಯರನ್ನು ಸಂಭಾವನೆ ಕೊಟ್ಟು ಕರೆಸಲಾಗುತ್ತದೆ. ಮೆಚ್ಚಿದ ಪಾತ್ರಧಾರಿಗೆ ಬಂಧುಗಳು, ಗೆಳೆಯರು ವೇದಿಕೆಯ ಮೇಲೆಯೇ ಆಹೇರಿ ಮಾಡುವುದುಂಟು.

ಪಾತ್ರಗಳು ಮತ್ತು ಪ್ರತಿಕ್ರಿಯೆಗಳು

ಪ್ರೇಮದ ಸುದ್ದಿ ಮನೆಗೆ ತಲುಪಿದಾಗ ಪ್ರತಿಯೊಂದು ಪಾತ್ರವೂ ಒಂದು ನಿಶ್ಚಿತ ನಿಲುವನ್ನು ತಾಳುತ್ತದೆ.

ತಂದೆ: ಸಾಮಾನ್ಯವಾಗಿ ಊರ ಗೌಡ ಅಥವಾ ಸಾಹುಕಾರ. ಇವನ ಮೊದಲ ಮಾತು ಮನೆತನದ ಮಾನದ ಕುರಿತಾಗಿರುತ್ತದೆ. ಮಗಳ ಮೇಲಿನ ಮಮತೆಯೂ ಊರಿನವರ ಬಾಯಿಯ ಭಯವೂ ಅವನಲ್ಲಿ ಒಟ್ಟಿಗೆ ಕೆಲಸ ಮಾಡುತ್ತವೆ.

ಅವ್ವ: ಗಂಡನ ಮುಂದೆ ಮಗಳನ್ನು ಬೈಯುವಳು, ಒಳಗೆ ಹೋಗಿ ಕಣ್ಣೊರೆಸುವಳು. ನಿರ್ಧಾರದಲ್ಲಿ ತನಗೆ ಪಾಲಿಲ್ಲವೆಂಬುದು ಅವಳ ಸಂಕಟ.

ಅಣ್ಣ: ಬಡಿಗೆ ಹಿಡಿದು ಹೊರಡುವ ಸಿಟ್ಟಿನವನು. ಅನೇಕ ಸಲ ಇವನಿಗೂ ಒಂದು ಗುಟ್ಟಿನ ಪ್ರೇಮವಿದ್ದು, ಅದು ಬಯಲಾದಾಗ ನಗೆ ಹುಟ್ಟುತ್ತದೆ.

ವೈನಿ ಅಥವಾ ಅತ್ತಿಗೆ: ಪ್ರೇಮಿಗಳ ಪರವಾಗಿ ನಿಲ್ಲುವ ಮೊದಲ ವ್ಯಕ್ತಿ. ಹೊರಗಿನಿಂದ ಬಂದವಳಾದುದರಿಂದ ಆ ಮನೆಯ ಕಟ್ಟಳೆಯ ಭಾರ ಅವಳಿಗೆ ಗೊತ್ತು.

ಸೋದರಮಾವ: ಅಕ್ಕನ ಮಗಳನ್ನು ಮದುವೆಯಾಗುವ ವಾಡಿಕೆ ಉತ್ತರ ಕರ್ನಾಟಕದ ಅನೇಕ ಸಮುದಾಯಗಳಲ್ಲಿರುವುದರಿಂದ, ಹುಡುಗಿಯ ಪ್ರೇಮಕ್ಕೆ ಇವನೇ ಎದುರಾಳಿಯಾಗುತ್ತಾನೆ. ತೊಟ್ಟಿಲಲ್ಲಿಯೇ ಮಾತಾಗಿದೆ ಎಂಬುದು ಅವನ ವಾದ.

ಇವರೊಂದಿಗೆ ಮನೆಯಾಳು ಮತ್ತು ಅವನ ಪ್ರೇಯಸಿಯ ಹಾಸ್ಯಜೋಡಿಯೊಂದು ಇರುತ್ತದೆ. ನಾಯಕ-ನಾಯಕಿಯರು ಬಾಯಿಬಿಟ್ಟು ಹೇಳಲಾಗದ್ದನ್ನು ಈ ಜೋಡಿ ಹಾಡು ಮತ್ತು ಚಟಾಕಿಗಳಲ್ಲಿ ಹೇಳುತ್ತದೆ. ಕಳೆದುಕೊಳ್ಳಲು ಆಸ್ತಿಯಾಗಲಿ ಮನೆತನದ ಹಮ್ಮಾಗಲಿ ಇಲ್ಲದ ಇವರ ಪ್ರೇಮಕ್ಕೆ ಅಡ್ಡಿ ಕಡಿಮೆ. ಸಿರಿವಂತ ಮನೆಯ ಮಗಳಿಗಿಲ್ಲದ ಸ್ವಾತಂತ್ರ್ಯ ಕೆಲಸದವಳಿಗಿದೆ ಎಂಬ ವ್ಯಂಗ್ಯವನ್ನು ಪ್ರೇಕ್ಷಕರು ನಗುತ್ತಲೇ ಗ್ರಹಿಸುತ್ತಾರೆ.

ಪಿ. ಬಿ. ಧುತ್ತರಗಿ ಅವರ ನಾಟಕಗಳು

ಹುನಗುಂದ ಸೀಮೆಯ ಸೂಳೇಭಾವಿಯ ಪಿ. ಬಿ. ಧುತ್ತರಗಿ ಅವರು ಈ ಬಗೆಯ ಸಾಮಾಜಿಕ ನಾಟಕಗಳ ಪ್ರಮುಖ ರಚನಕಾರರು. ಅವರ 'ಮುದುಕನ ಮದುವೆ' ಹೆಸರೇ ಸೂಚಿಸುವಂತೆ ಇಳಿವಯಸ್ಸಿನ ಮದುವೆಯ ಹಂಬಲವನ್ನು ಹಾಸ್ಯಕ್ಕೆ ಗುರಿಮಾಡುತ್ತದೆ. 'ಸಂಪತ್ತಿಗೆ ಸವಾಲ್' ನಾಟಕವು ಸಿರಿತನ ಮತ್ತು ಬಡತನಗಳ ಸಂಘರ್ಷವನ್ನು ಹಳ್ಳಿಯ ಆವರಣದಲ್ಲಿ ಕಟ್ಟಿಕೊಡುತ್ತದೆ.

'ಸಂಪತ್ತಿಗೆ ಸವಾಲ್' 1974ರಲ್ಲಿ ಎ. ವಿ. ಶೇಷಗಿರಿ ರಾವ್ ಅವರ ನಿರ್ದೇಶನದಲ್ಲಿ ಚಲನಚಿತ್ರವಾಯಿತು. ಡಾ. ರಾಜ್‌ಕುಮಾರ್ ಬಡ ಮನೆಯ ಹಳ್ಳಿ ಹುಡುಗನಾಗಿ, ಮಂಜುಳಾ ಸಿರಿವಂತ ಮನೆಯ ಗರ್ವದ ಹುಡುಗಿಯಾಗಿ ಅಭಿನಯಿಸಿದರು. ಜಿ. ಕೆ. ವೆಂಕಟೇಶ್ ಸಂಗೀತ ನೀಡಿದ ಈ ಚಿತ್ರದಲ್ಲಿ ನಾಯಕ ಎಮ್ಮೆಯ ಮೇಲೆ ಕುಳಿತು ಹಾಡುವ ಹಾಡನ್ನು ರಾಜ್‌ಕುಮಾರ್ ಅವರೇ ಹಾಡಿದ್ದು, ಅವರ ಗಾಯನ ಬದುಕಿನಲ್ಲಿ ಅದು ತಿರುವೆನಿಸಿತು. ಹೀಗೆ ಜಾತ್ರೆಯ ರಂಗಮಂಚದ ಕಥೆಯೊಂದು ಇಡೀ ಕರ್ನಾಟಕವನ್ನು ತಲುಪಿತು.

ಭಾಷೆ ಮತ್ತು ಉಡುಪು

ಸಂಭಾಷಣೆಗಳಲ್ಲಿ ಉತ್ತರ ಕರ್ನಾಟಕದ ಆಡುಮಾತು ಪ್ರಧಾನ. ಸಿಟ್ಟು ಬಂದಾಗಲೂ ಮಗಳನ್ನು 'ಯವ್ವಾ' ಎಂದೇ ಕರೆಯುವ ತಂದೆಯ ಮಾತು, ಬೈಗುಳದಲ್ಲಿಯೂ ಪ್ರೀತಿಯನ್ನು ಉಳಿಸಿಕೊಳ್ಳುತ್ತದೆ. ಸ್ತ್ರೀಪಾತ್ರಗಳಿಗೆ ಇಳಕಲ್ಲ ಸೀರೆ ಮತ್ತು ಗುಳೇದಗುಡ್ಡ ಖಣದ ಕುಪ್ಪಸ ಒಪ್ಪುವ ಉಡುಪು. ಟೋಪ ತೆನಿ ಸೆರಗಿನ ಇಳಕಲ್ಲ ಸೀರೆ ಈ ಭಾಗದ ಮದುವೆಗಳಲ್ಲಿಯೂ ಬಳಕೆಯಾಗುವುದರಿಂದ, ರಂಗದ ಮೇಲಿನ ಮದುಮಗಳು ಪ್ರೇಕ್ಷಕರಿಗೆ ತಮ್ಮ ಮನೆಯ ಮಗಳಂತೆಯೇ ತೋರುತ್ತಾಳೆ.

ದೂರದರ್ಶನದ ಹಾಸ್ಯ ಧಾರಾವಾಹಿಗಳೊಂದಿಗೆ ಹೋಲಿಕೆ

ಮನೆಯನ್ನು ಕೇಂದ್ರವಾಗಿಸಿಕೊಂಡ ಹಾಸ್ಯವನ್ನು ಕನ್ನಡ ದೂರದರ್ಶನದಲ್ಲಿ 'ಪಾಪ ಪಾಂಡು' ಮತ್ತು 'ಸಿಲ್ಲಿ ಲಲ್ಲಿ' ಧಾರಾವಾಹಿಗಳು ಜನಪ್ರಿಯಗೊಳಿಸಿದವು. ಹರೆಯದ ಪ್ರೇಮವನ್ನೇ ಮುಖ್ಯ ಎಳೆಯಾಗಿಸಿಕೊಂಡ ಧಾರಾವಾಹಿಗೆ ಅಮೆರಿಕದ 'ದಿ ವಂಡರ್ ಇಯರ್ಸ್' (1988–1993) ಉತ್ತಮ ನಿದರ್ಶನ. ಅದರಲ್ಲಿ ಕೆವಿನ್ ಮತ್ತು ವಿನ್ನಿಯ ಬಾಲ್ಯಪ್ರೇಮವನ್ನು ದೊಡ್ಡವನಾದ ಕೆವಿನ್ ನೆನಪಾಗಿ ನಿರೂಪಿಸುತ್ತಾನೆ. ಅವನ ಅಕ್ಕ ಕ್ಯಾರೆನ್ ಮದುವೆಗೆ ಮೊದಲೇ ಪ್ರಿಯಕರನೊಂದಿಗೆ ವಾಸಿಸುವುದನ್ನು ತಂದೆ ಜ್ಯಾಕ್ ಸಹಿಸಲಾರ. ಈ ತಂದೆಯ ಮೌನದ ಕೋಪಕ್ಕೂ ಕಂಪನಿ ನಾಟಕದ ಗೌಡನ ಅಬ್ಬರಕ್ಕೂ ಮೂಲ ಒಂದೇ: ಮಗಳು ಕೈತಪ್ಪಿ ಹೋಗುತ್ತಾಳೆಂಬ ಅಳುಕು. ಮುಕ್ತಾಯದಲ್ಲಿ ಮಾತ್ರ ವ್ಯತ್ಯಾಸವಿದೆ. ಕೆವಿನ್ ಮತ್ತು ವಿನ್ನಿ ಕೊನೆಗೆ ಮದುವೆಯಾಗುವುದಿಲ್ಲ. ಕಂಪನಿ ನಾಟಕದಲ್ಲಿ ಅಕ್ಷತೆ ಬೀಳದೆ ಪರದೆ ಇಳಿಯುವುದು ಅಪರೂಪ.

ಸಾಮಾಜಿಕ ಮತ್ತು ಕಾನೂನಿನ ಸಂದರ್ಭ

ಈ ನಾಟಕಗಳು ರೂಪುಗೊಂಡ ಕಾಲದಲ್ಲಿ ಮದುವೆಯ ವಯಸ್ಸಿನ ಕಾನೂನು ಬದಲಾಗುತ್ತಲೇ ಇತ್ತು. 1929ರ ಶಾರದಾ ಕಾಯ್ದೆಯು ಹುಡುಗಿಯರಿಗೆ 14 ಮತ್ತು ಹುಡುಗರಿಗೆ 18 ವರ್ಷಗಳ ಮಿತಿಯನ್ನು ವಿಧಿಸಿತ್ತು. 1978ರ ತಿದ್ದುಪಡಿ ಇದನ್ನು ಕ್ರಮವಾಗಿ 18 ಮತ್ತು 21ಕ್ಕೆ ಏರಿಸಿತು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕವು ತಂದ ತಿದ್ದುಪಡಿಯಿಂದ ರಾಜ್ಯದಲ್ಲಿ ಬಾಲ್ಯವಿವಾಹವು ಆರಂಭದಿಂದಲೇ ಅಸಿಂಧುವಾಗುತ್ತದೆ. 2012ರ ಪೋಕ್ಸೊ ಕಾಯ್ದೆಯು 18 ವರ್ಷದೊಳಗಿನವರ ಲೈಂಗಿಕ ಸಮ್ಮತಿಯನ್ನು ಮಾನ್ಯ ಮಾಡುವುದಿಲ್ಲ. ವಯಸ್ಕರಿಬ್ಬರು ಪರಸ್ಪರ ಒಪ್ಪಿ ಮದುವೆಯಾಗಲು ಕುಟುಂಬದ ಅಥವಾ ಸಮುದಾಯದ ಅನುಮತಿ ಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2018ರ ಶಕ್ತಿ ವಾಹಿನಿ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಟೀಕೆ

ಈ ನಾಟಕಗಳ ರಾಜಿಯು ಸುಲಭದ್ದು ಎಂಬ ಆಕ್ಷೇಪಕ್ಕೆ ಆಧಾರವಿದೆ. ಬಡ ಹುಡುಗನು ಕೊನೆಗೆ ದೂರದ ಸಂಬಂಧಿಯೆಂದೋ ಕಳೆದುಹೋದ ಮಗನೆಂದೋ ತಿಳಿದುಬರುವ ಕಥೆಗಳಲ್ಲಿ ಜಾತಿಯ ಪ್ರಶ್ನೆ ಎದುರಾಗದೆಯೇ ಕರಗಿಹೋಗುತ್ತದೆ. ತಂದೆ ತನ್ನ ನಿಲುವನ್ನು ನಿಜವಾಗಿ ಬದಲಿಸಬೇಕಾದ ಪ್ರಸಂಗವೇ ಬರುವುದಿಲ್ಲ. ಇತ್ತೀಚಿನ ನಾಟಕಗಳ ದ್ವಂದ್ವಾರ್ಥದ ಶೀರ್ಷಿಕೆ ಮತ್ತು ಸಂಭಾಷಣೆಗಳೂ ಟೀಕೆಗೆ ಒಳಗಾಗಿವೆ. ಆದರೂ ಮನೆಯಲ್ಲಿ ಎತ್ತಲಾಗದ ಮಾತನ್ನು ಮಗಳೊಬ್ಬಳು ತಂದೆಯ ಎದುರು ನಿಂತು ಆಡುವುದನ್ನು ಇಡೀ ಕುಟುಂಬ ಒಟ್ಟಿಗೆ ಕುಳಿತು ಕೇಳುವ ಅವಕಾಶವನ್ನು ಈ ರಂಗಭೂಮಿ ಒದಗಿಸುತ್ತ ಬಂದಿದೆ.